ಹತ್ತಿ ಮೇಡಂ ಹೇಳಿದ ‘ಇಲ್ಲ’

ಆ ವಿಮಾ ಕಂಪನಿಯಲ್ಲಿ ಹಳೆಯದೊಂದು ಪದ್ಧತಿ ಇತ್ತು. ಹಣ ಕೊಡುವುದಾದರೆ ಅಂಚೆಯಲ್ಲಿ ಚೆಕ್ಕು ಹೋಗುತ್ತಿತ್ತು. ಕೊಡುವುದಿಲ್ಲ ಎನ್ನುವುದಾದರೆ ಮನುಷ್ಯರೇ ಹೋಗಬೇಕಿತ್ತು. ಕಂಪನಿ ಕಟ್ಟಿದ ಮುದುಕ ಹಾಗೆ ಕಟ್ಟಳೆ ಮಾಡಿಟ್ಟು ಕಣ್ಣು ಮುಚ್ಚಿದ್ದ. ಕಷ್ಟದಲ್ಲಿರುವವರ ಎದುರು ಕೂತು, ಮುಖ ನೋಡಿ ಹೇಳುವಷ್ಟು ಮರ್ಯಾದೆಯಾದರೂ ನಮಗೆ ಬೇಡವೇ ಎನ್ನುವುದು ಅವನ ವಾದ. ಆದರೆ ಅವನು ಒಂದು ಸಲವೂ ಹಾಗೆ ಯಾರ ಮನೆಗೂ ಹೋದವನಲ್ಲ ಎಂದು ಆಫೀಸಿನವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಹೋಗುವ ಕೆಲಸ ಯಾರಿಗೂ ಬೇಕಿರಲಿಲ್ಲ. ಹೋದವರು ಬೈಗುಳ ತಿಂದು ಬರುತ್ತಿದ್ದರು. ಒಬ್ಬ ಗುಮಾಸ್ತನ ಮೇಲೆ ಯಾರೋ ಪಾತ್ರೆ ತೊಳೆದ ನೀರು ಎರಚಿದ ಮೇಲೆ, ‘ಹೆಂಗಸರನ್ನ ಕಳಿಸಿ ನೋಡೋಣ, ಹೆಂಗಸರ ಮೇಲೆ ಯಾರೂ ನೀರು ಹಾಕಲ್ಲ’ ಎಂದು ಯಾರೋ ಸಲಹೆ ಕೊಟ್ಟರು. ಆಗ ಟೈಪು ಮಾಡುತ್ತಿದ್ದ ಸಣ್ಣ ವಯಸ್ಸಿನ ಹುಡುಗಿಯೊಬ್ಬಳ ಕೈಗೆ ಫೈಲು ಬಂತು. ಅವಳು ಹೋದಳು, ಒದ್ದೆಯಾಗದ ಬಟ್ಟೆಯಲ್ಲೇ ವಾಪಸ್ಸು ಬಂದಳು. ಮತ್ತೊಮ್ಮೆ ಕಳಿಸಿದರು. ಆಗಲೂ ಹಾಗೇ ಬಂದಳು. ಅಷ್ಟೇ ಅಲ್ಲ, ಆ ಮನೆಯವರು ಬಾಗಿಲ ತನಕ ಬಂದು ಕಳಿಸಿಕೊಟ್ಟರಂತೆ.

ಹಾಗೆ ಶುರುವಾದದ್ದು ಅವಳ ನೌಕರಿಯ ಏಣಿ. ಟೈಪಿನ ಮೇಜಿನಿಂದ ಕ್ಲೇಮು ವಿಭಾಗಕ್ಕೆ, ಅಲ್ಲಿಂದ ವಿಭಾಗದ ಮುಖ್ಯಸ್ಥೆಯಾಗಿ, ಆಮೇಲೆ ಉಪ ನಿರ್ದೇಶಕಿಯಾಗಿ ಮೇಲಿನ ಮಹಡಿಗೆ. ಇಲ್ಲ ಎನ್ನುವುದನ್ನು ಅವಳು ಹತ್ತಿಯಲ್ಲಿ ಸುತ್ತಿ ಕೊಡುತ್ತಾಳೆ ಎಂದು ಆಫೀಸಿನಲ್ಲಿ ‘ಹತ್ತಿ ಮೇಡಂ’ ಎಂದು ಹೆಸರಿಟ್ಟರು. ಹೆಸರು ಮೊದಲು ತಮಾಷೆಗೆ ಹುಟ್ಟಿತು, ಆಮೇಲೆ ಗೌರವಕ್ಕೆ ತಿರುಗಿತು. ಕೂದಲು ನರೆತು ಮಂಡಿ ಹಿಡಿದುಕೊಂಡರೂ ದೊಡ್ಡ ಫೈಲುಗಳಿಗೆ ಈಗಲೂ ಅವಳೇ ಹೋಗಬೇಕಿತ್ತು. ಬೇರೆಯವರು ಹೋದರೆ ಕೆಡುತ್ತದೆ ಎಂಬ ಭಯ ಎಲ್ಲರಿಗೂ.

ಅವಳದೇ ಒಂದು ಕ್ರಮವಿತ್ತು. ಮನೆಯೊಳಗೆ ಹೋದ ಕೂಡಲೇ ಕುಡಿಯಲು ನೀರು ಕೇಳುವುದು. ನೀರು ಕೊಟ್ಟವರಿಗೆ ಕೊಟ್ಟವರ ಮೇಲ್ಗೈ ಬರುತ್ತದೆ, ಸಿಟ್ಟು ಅರ್ಧ ಇಳಿಯುತ್ತದೆ. ಆಮೇಲೆ ಮನೆಯವರ ಆರೋಗ್ಯ ವಿಚಾರಿಸುವುದು. ಆಮೇಲೆ ಕಣ್ಣಿಗೆ ಬಿದ್ದ ಯಾವುದಾದರೂ ಒಂದು ವಸ್ತುವನ್ನು ನಿಜವಾಗಿ ಮೆಚ್ಚುವುದು. ಕೊನೆಗೆ ಮಾತು. ಮಾತು ಮುಗಿದ ಮೇಲೆ, ವಿಷಯ ತಿಳಿಸಿದ್ದಕ್ಕೆ ಗುರುತಾಗಿ ಭೇಟಿಯ ಚೀಟಿಗೆ ಮನೆಯವರದೊಂದು ರುಜು. ಎದ್ದು ಬರುವುದು.

ಈಗ ಕಂಪನಿಯ ಎಂ.ಡಿ. ನಿವೃತ್ತಿಯಾಗುವವರಿದ್ದರು. ಆ ಕುರ್ಚಿಗೆ ಯಾರು ಎನ್ನುವುದನ್ನು ಶುಕ್ರವಾರದ ಆಡಳಿತ ಮಂಡಳಿ ಸಭೆ ತೀರ್ಮಾನಿಸಬೇಕಿತ್ತು. ಹತ್ತಿ ಮೇಡಂ ಹೆಸರೇ ಮುಂದಿತ್ತು. ಅದಕ್ಕೆ ಕಾರಣವನ್ನು ಅಧ್ಯಕ್ಷರು ನಾಲ್ಕು ಜನರ ಎದುರು ಹೇಳಿಯೂ ಬಿಟ್ಟಿದ್ದರು. ಇಷ್ಟು ವರ್ಷದಲ್ಲಿ ಅವಳು ಹೋಗಿಬಂದ ಒಂದು ಮನೆಯಿಂದಲೂ ಕಂಪನಿಯ ಮೇಲೆ ದೂರು ಬಂದದ್ದಿಲ್ಲ. ಒಂದೇ ಒಂದು ದೂರು ಕೂಡ. ಬೇರೆ ಕಂಪನಿಗಳವರು ಇದನ್ನು ಕೇಳಿ ಹುಬ್ಬೇರಿಸುತ್ತಿದ್ದರು. ಆ ಕುರ್ಚಿ ಅವಳಿಗೂ ಬೇಕಿತ್ತು, ಸುಳ್ಳೇಕೆ? ಅದರಲ್ಲಿ ಕೂತವರು ಯಾರ ಮನೆಗೂ ಹೋಗಬೇಕಾಗಿರಲಿಲ್ಲ. ಅವಳ ಕಣ್ಣಿಗೆ ಅದು ಅಧಿಕಾರದ ಕುರ್ಚಿಗಿಂತ ಹೆಚ್ಚಾಗಿ, ದಣಿದು ಬಂದವಳು ಕೂರುವ ಕುರ್ಚಿಯಾಗಿ ಕಾಣುತ್ತಿತ್ತು.

ಸೋಮವಾರ ಮಧ್ಯಾಹ್ನ ಅವಳು ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿಟ್ಟು, ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೊತ್ತಿ ಕೂತಿದ್ದಾಗ ಲಾಂಡ್ರಿಯಮ್ಮ ಬಂದಳು.

ಲಾಂಡ್ರಿಯಮ್ಮನ ಅಂಗಡಿ ಸುಟ್ಟು ಕೆಲವು ವಾರಗಳಾಗಿದ್ದವು. ಗಂಡ ಹೋದ ಮೇಲೆ ಒಬ್ಬಳೇ ನಡೆಸುತ್ತಿದ್ದ ಅಂಗಡಿ. ರಟ್ಟೆಯ ತುಂಬ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಹಳೆಯ ಕಲೆಗಳು, ಬಾಯಿ ತುಂಬ ಮಾತು. ಮೇಡಂ ಅಲ್ಲಿಗೆ ಹೋದ ದಿನ ಗೋಡೆಗಳೆಲ್ಲ ಹೊಗೆ ಕುಡಿದು ಕಪ್ಪಾಗಿದ್ದವು. ಒದ್ದೆ ಬೂದಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಕೊಂಡಿಗಳಿಗೆ ನೇತುಹಾಕಿದ್ದ ಗಿರಾಕಿಗಳ ಬಟ್ಟೆಗಳು ಸುಟ್ಟು ಬರೀ ತಂತಿ ಉಳಿದಿತ್ತು. ಬೆಂಕಿ ಬಿದ್ದದ್ದು ನಿಜ, ಕಂತು ಕಟ್ಟಿದ್ದೂ ನಿಜ. ಆದರೆ ಪಾಲಿಸಿ ಇದ್ದದ್ದು ಅದೇ ಬೀದಿಯ ಆಚೆ ತುದಿಯ ಹಳೆಯ ಅಂಗಡಿಯ ಮೇಲೆ. ಮಾಲೀಕ ಬಿಡಿಸಿದ್ದಕ್ಕೆ ಅವಳು ಕೆಲವು ವರ್ಷಗಳ ಹಿಂದೆ ಈಚೆ ತುದಿಗೆ ಬಂದಿದ್ದಳು, ವಿಳಾಸ ಬದಲಾದದ್ದನ್ನು ಕಂಪನಿಗೆ ತಿಳಿಸಿರಲಿಲ್ಲ. ಕೊಡಬೇಕಾಗಿಲ್ಲ ಎಂದು ಕೆಳಗಿನವರು ಫೈಲಿನ ಮೇಲೆ ಬರೆದರು. ಮೇಡಂ ಹೋದಳು, ಮಸಿ ಮೆತ್ತಿದ ಸ್ಟೂಲಿನ ಮೇಲೆ ಕೂತು ನೀರು ಕೇಳಿದಳು, ಮಂಡಿನೋವು ವಿಚಾರಿಸಿದಳು, ಬೆಂಕಿಯಲ್ಲೂ ಉಳಿದುಕೊಂಡಿದ್ದ ಕಬ್ಬಿಣದ ಹಳೆಯ ತಕ್ಕಡಿಯನ್ನು ಮೆಚ್ಚಿದಳು. ಆಮೇಲೆ ಹೇಳಿದಳು:

“ನಿಮ್ಮಂಥವರನ್ನ ನೋಡಿದ್ರೆ ನಮಗೂ ಧೈರ್ಯ ಬರುತ್ತೆ. ಕಂಪನಿ ನಿಮ್ಮ ವಿಷಯಾನ ತುಂಬ ಕಾಳಜಿಯಿಂದ ನೋಡಿದೆ. ಎಲ್ಲಾ ಕಡೆಯಿಂದಲೂ ನೋಡಿದೀವಿ. ನಿಯಮ ಅಂತ ಒಂದಿರುತ್ತೆ. ವಿಳಾಸದ ವಿಷಯ ಸ್ವಲ್ಪ ಹಿಂದೆಮುಂದೆ ಆಗಿದೆ, ಅದು ನಿಮ್ಮ ತಪ್ಪು ಅಂತ ಯಾರೂ ಹೇಳ್ತಿಲ್ಲ. ಈ ಸಲ ನೀವು ಅಂದುಕೊಂಡ ರೀತಿಯಲ್ಲಿ ಆಗದೇ ಇರಬಹುದು. ಆದ್ರೆ ನಿಮ್ಮ ಸಂಗಡ ನಾವಿದೀವಿ ಅನ್ನೋದನ್ನ ಮಾತ್ರ ಮರೀಬೇಡಿ.”

ಲಾಂಡ್ರಿಯಮ್ಮ ಕಣ್ಣೊರೆಸಿಕೊಂಡು ರುಜು ಹಾಕಿದಳು. ಹೊರಡುವಾಗ ಮೇಡಮ್ಮಿನ ಬೂದು ಕೋಟಿನ ಬೆನ್ನಿಗೆ ಗೋಡೆಯ ಮಸಿ ಮೆತ್ತಿದ್ದು ಅವಳ ಕಣ್ಣಿಗೆ ಬಿತ್ತು. “ಬಿಚ್ಚಿ ಕೊಡಿ. ಮಸಿ ಕೋಟು ಹಾಕ್ಕೊಂಡು ನನ್ನ ಅಂಗಡಿಯಿಂದ ಒಬ್ಬರು ಹೊರಗೆ ಹೋದ್ರು ಅಂದ್ರೆ ಬೀದಿಯಲ್ಲಿ ತಲೆ ಎತ್ತಕ್ಕಾಗತ್ತಾ?” ಎಂದು ಪಟ್ಟು ಹಿಡಿದಳು. ಮೇಡಂ ‘ಪರವಾಗಿಲ್ಲ, ಯಾಕೆ ತೊಂದರೆ, ಇನ್ನೊಮ್ಮೆ ನೋಡೋಣ’ ಎಂದು ಮೂರು ನಮೂನೆಯಲ್ಲಿ ಬೇಡವೆಂದಳು. ಮೂರು ನಮೂನೆಯಲ್ಲಿ ಹೇಳುವಷ್ಟರಲ್ಲಿ ಕೋಟು ಮೈಮೇಲಿಂದ ಹೋಗಿತ್ತು.

ಈಗ ಆ ಕೋಟು ಪಾರದರ್ಶಕ ಕವರಿನಲ್ಲಿ, ಅಂಗಡಿಯಿಂದ ಇದೀಗ ತಂದ ಹೊಸದರಂತೆ, ಲಾಂಡ್ರಿಯಮ್ಮನ ತೋಳಿನ ಮೇಲಿತ್ತು.

“ಇನ್ನೊಬ್ಬರ ಅಂಗಡೀಲಿ ಜಾಗ ಕೇಳಿ ತೊಳೆದೆ. ಗುಂಡಿ ಒಂದು ಸಡಿಲ ಆಗಿತ್ತು, ಹೊಲಿದಿದೀನಿ,” ಎಂದು ಎದುರು ಕೂತಳು. “ದುಡ್ಡಿನ ಮಾತು ಎತ್ತಬೇಡಿ. ನೀವು ನನಗೆ ಮಾಡಿರೋದಕ್ಕೆ ಇದೆಲ್ಲ ಯಾವ ಲೆಕ್ಕ?”

“ನಾನೇನು ಮಾಡಿದೆ?” ಎಂದಳು ಮೇಡಂ.

“ನೋಡಿ, ಇದೇ ನಿಮ್ಮ ದೊಡ್ಡತನ.” ಲಾಂಡ್ರಿಯಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. “ಆಗದೇ ಇರಬಹುದು ಅಂದ್ರಲ್ಲ ಅವತ್ತು, ಆಗ ಎದೆ ಧಸಕ್ ಅಂತು. ಆಮೇಲೆ ನಿಮ್ಮ ಸಂಗಡ ನಾವಿದೀವಿ ಅಂದ್ರಿ. ಸರಿ, ಇವರು ಹೇಗಾದ್ರೂ ಮಾಡಿ ಕೊಡಿಸ್ತಾರೆ, ನಿಯಮದ ಮಾತು ಬಾಯಿಬಿಟ್ಟು ಆಡಕ್ಕಾಗ್ದೇ ಸುತ್ತಿ ಹೇಳ್ತಿದಾರೆ ಅಂತ ಅರ್ಥ ಆಯ್ತು. ನಾನೇನು ಅಷ್ಟು ದಡ್ಡೀನಾ? ಹೊಸ ಬಾಯ್ಲರು, ಹೊಸ ಪ್ರೆಸ್ಸು ಹೇಳಿ ಬಂದೆ. ಮುಂಗಡಕ್ಕೆ ನಮ್ಮ ಯಜಮಾನರ ವ್ಯಾನು ಬಿಟ್ಟುಕೊಟ್ಟೆ. ಯಂತ್ರ ಮುಂದಿನ ವಾರ ಬರುತ್ತೆ. ಶುರು ಮಾಡೋ ಗುಂಡಿ ಮಾತ್ರ ನೀವೇ ಬಂದು ಒತ್ತಬೇಕು.”

ಮೇಡಮ್ಮಿನ ಪಾದಗಳು ಮೇಜಿನ ಕೆಳಗೆ ಚಪ್ಪಲಿಗಾಗಿ ತಡಕಾಡಿದವು. ಸಿಗಲಿಲ್ಲ.

“ಏಜೆಂಟರಿಗೂ ಹೇಳಿದೀನಿ ಬನ್ನಿ ಅಂತ,” ಎಂದಳು ಲಾಂಡ್ರಿಯಮ್ಮ. “ವರ್ಷ ವರ್ಷ ಕಂತಿಗೆ ಬಂದಾಗ ಈಗ ಸುಟ್ಟಿರೋ ಈ ಹೊಸ ಅಂಗಡೀಲೇ ಕೂತು ಚಹಾ ಕುಡಿದು ಹೋಗ್ತಿದ್ರು ಪಾಪ. ಅವರ ಪ್ಯಾಂಟಿಗೆ ಪುಕ್ಕಟೆ ಇಸ್ತ್ರಿ ನಂದೇ.”

ಈ ಮಾತಿಗೆ ಮೇಡಂ ತಲೆ ಎತ್ತಿದಳು. ಕಂಪನಿಯ ಏಜೆಂಟ ಹೊಸ ಅಂಗಡಿಗೆ ಬಂದು ಕೂತು ಕಂತು ಇಸಿದುಕೊಂಡು ಹೋಗಿದ್ದಾನೆ. ಅಂದರೆ ಅಂಗಡಿ ಬದಲಾದದ್ದು ಕಂಪನಿಗೆ ಗೊತ್ತಿತ್ತು ಎಂದೇ ಲೆಕ್ಕ. ವಿಮೆಯ ದೂರುಗಳನ್ನು ಕೇಳುವ ಸರ್ಕಾರಿ ಕಚೇರಿಯಲ್ಲಿ ಈ ಮಾತು ಆಡಿದರೆ ಕಂಪನಿ ತಲೆ ತಗ್ಗಿಸಬೇಕಾಗಬಹುದು. ಆದರೆ ಆ ಕಚೇರಿಯ ಬಾಗಿಲು ತಟ್ಟುವುದಕ್ಕೆ ಗಡುವಿತ್ತು, ಅದು ಭೇಟಿಯ ಚೀಟಿಗೆ ರುಜು ಹಾಕಿದ ದಿನದಿಂದಲೇ ಓಡತೊಡಗುತ್ತದೆ. ಈ ಶುಕ್ರವಾರಕ್ಕೆ ಮುಗಿಯುತ್ತದೆ. ಇಲ್ಲ ಎಂದದ್ದೇ ಕೇಳಿಸದವಳು ದೂರು ಕೊಡುವುದೆಲ್ಲಿಂದ ಬಂತು?

ಹೇಳಬೇಕು ಎಂದು ಮೇಡಂ ಬಾಯಿ ತೆರೆದಳು.

“ನೋಡಿ ಅಮ್ಮಾ, ಯಂತ್ರದ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡಿದ್ರೆ ಒಳ್ಳೇದಿತ್ತೇನೋ. ಯಾಕಂದ್ರೆ, ಇಂಥಾದ್ದರಲ್ಲಿ ಎಲ್ಲಾ ಒಂದು ಹದಕ್ಕೆ ಬರಬೇಕು... ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

“ಗೊತ್ತು ಬಿಡಿ. ಈ ಮಾರಾಟದವರು ತಲೆ ಬೋಳಿಸ್ತಾರೆ,” ಎಂದು ಲಾಂಡ್ರಿಯಮ್ಮ ಎದ್ದಳು. “ಇನ್ನೊಂದು ಸಲ ಚೌಕಾಸಿ ಮಾಡಿ ನೋಡ್ತೀನಿ. ನೀವು ಹೇಳಿದ್ದು ಒಳ್ಳೇದೇ ಆಯ್ತು.” ಬಂದಾಗಿನದಕ್ಕಿಂತ ಹೆಚ್ಚು ಗೆಲುವಾಗಿ ಹೊರಟುಹೋದಳು.

ಬಾಗಿಲು ಮುಚ್ಚಿಕೊಂಡಿತು. ಕೋಟು ಕುರ್ಚಿಯ ಬೆನ್ನಿನ ಮೇಲೆ ನೇತಾಡುತ್ತಿತ್ತು, ಒಳಗೆ ಮನುಷ್ಯರೇ ಇಲ್ಲದೆ ಯಾರೋ ನೆಟ್ಟಗೆ ನಿಂತ ಹಾಗೆ. ಮೇಡಂ ಅದನ್ನೇ ನೋಡುತ್ತ ಕೂತಳು. ಇಷ್ಟು ವರ್ಷ ಬಾಗಿಲ ತನಕ ಬಂದು ಕಳಿಸಿಕೊಟ್ಟ ಮುಖಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಛಾವಣಿ ಕುಸಿದ ಬಡಗಿ, ಕೈ ಕಳೆದುಕೊಂಡ ಮುದ್ರಣದವನು, ಅವಳಿ ಮಕ್ಕಳ ತಾಯಿ. ನಗುತ್ತ ಕಳಿಸಿದ್ದರು. ತಾನು ಅವರ ನೋವನ್ನು ಅರ್ಧ ಮಾಡಿ ಬಂದೆ ಎಂದುಕೊಂಡಿದ್ದಳು. ಅವರು ಆಮೇಲೆ ಎಷ್ಟು ಕಾಲ ಅಂಚೆಯವನ ದಾರಿ ಕಾದರೋ.

ಮರುದಿನ ಬೆಳಿಗ್ಗೆ ಅವಳು ಅಧ್ಯಕ್ಷರ ಕೋಣೆಗೆ ಹೋದಳು. ಅಧ್ಯಕ್ಷರು ಕಿಟಕಿಯ ಬಳಿ ನಿಂತು ಕುಂಡದ ಗಿಡಕ್ಕೆ ನೀರು ಹಾಕುತ್ತಿದ್ದರು. ಲಾಂಡ್ರಿಯ ವಿಷಯವನ್ನು ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಫೈಲಿನ ಮಾತು ಅವಳಿಗೆ ನೇರವಾಗಿಯೇ ಬರುತ್ತಿತ್ತು. ಅಡ್ಡದಾರಿ ಹಿಡಿಯುತ್ತಿದ್ದದ್ದು ಎದುರಿಗೆ ಮನುಷ್ಯರು ಕೂತಾಗ ಮಾತ್ರ.

ಅಧ್ಯಕ್ಷರು ನಕ್ಕರು. “ಅಯ್ಯೋ ಮೇಡಂ, ಇದು ನಿಮಗೆ ಇವತ್ತು ಗೊತ್ತಾಯ್ತಾ?”

“ಯಾವುದು ಸಾರ್?”

“ನಿಮ್ಮ ಮಾತು ಕೇಳಿದೋರಿಗೆ ತಮಗೆ ಇಲ್ಲ ಅಂದ್ರು ಅನ್ನೋದು ತಿಳಿಯೋ ಹೊತ್ತಿಗೆ ಗಡುವು ಮುಗಿದಿರುತ್ತೆ. ಅದೇ ಅಲ್ವೇ ನಿಮ್ಮ ಕಲೆ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಮಗೆಲ್ಲ ತಲೆಕೆಳಗಾಗಿ ನಿಂತ್ರೂ ಬರಲ್ಲ.”

ಅವಳಿಗೆ ಕೂರಬೇಕೆನಿಸಿತು. ಕೂರಿ ಎಂದು ಅವರು ಹೇಳಿರಲಿಲ್ಲ.

“ನಾನು ಬೇಕೂಂತ ಮಾಡಿದ್ದಲ್ಲ ಸಾರ್.”

“ಬೇಕೂಂತ ಮಾಡಿದ್ರೆ ಅಷ್ಟು ಚೆನ್ನಾಗಿ ಬರ್ತಾ ಇರಲಿಲ್ಲ.” ಅಧ್ಯಕ್ಷರು ಒಣಗಿದ ಎಲೆಯೊಂದನ್ನು ಚಿವುಟಿದರು. “ಶುಕ್ರವಾರದ ತನಕ ಸುಮ್ಮನಿರಿ. ಸೋಮವಾರ ನಾನೇ ಯಾರನ್ನಾದ್ರೂ ಕಳಿಸಿ ಹೇಳಿಸ್ತೀನಿ.”

“ಏಜೆಂಟ ಆ ಅಂಗಡಿಗೇ ಹೋಗ್ತಿದ್ದ ಅಂತ ಹೇಳಿದ್ಲಲ್ಲ ಸಾರ್.”

“ಅದನ್ನ ಅವಳು ದೂರಲ್ಲಿ ಹೇಳಬೇಕು. ನಾವು ಹೇಳಿಕೊಡಬೇಕಾ? ನೀವು ಈ ವಾರ ಎಲ್ಲೂ ಹೋಗ್ಬೇಡಿ, ಮನೇಲಿ ಕಾಲು ಚಾಚಿ ಕೂತ್ಕೊಳ್ಳಿ. ಮುಂದಿನ ವಾರ ಈ ತುದಿ ಮಹಡಿಗೆ ಬರೋರು ನೀವು. ಈ ಗಿಡಗಳಿಗೂ ನೀವೇ ನೀರು ಹಾಕಬೇಕಾಗುತ್ತೆ.”

ಕಾಲು ಚಾಚಿ ಕೂರುವ ಮಾತು ಅವಳ ಕಿವಿಗೆ ಹಿತವಾಗಿ ಬಿತ್ತು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಆ ಹೊತ್ತಿಗೆ ಅವಳಿಗೆ ಅಷ್ಟು ದಣಿವಾಗಿತ್ತು. ಸುಮ್ಮನಿರುವುದಕ್ಕೆ ಏನೂ ಮಾಡಬೇಕಾಗಿಲ್ಲ. ಎರಡು ದಿನ ಸುಮ್ಮನಿದ್ದಳು ಕೂಡ. ಫೋನು ಬಡಿದುಕೊಂಡಾಗಲೆಲ್ಲ ಲಾಂಡ್ರಿಯವಳೇ ಇರಬೇಕೆಂದು ಬೆಚ್ಚುತ್ತ, ಕೋಟಿನ ಕವರು ಬಿಚ್ಚದೆ, ಚಳಿಯಲ್ಲಿ ಹಾಗೇ ಓಡಾಡುತ್ತ.

ಮನೆಯಲ್ಲಿ ಅಕ್ಕ ಇದ್ದಳು. ಮದುವೆಯ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ಅಕ್ಕ ದರ್ಜಿ ಕೆಲಸ ಮಾಡಿ, ಕಣ್ಣು ಮಂಜಾದ ಮೇಲೆ ಬಿಟ್ಟು, ಈಗ ತಂಗಿಯನ್ನು ಬೈಯುವುದನ್ನೇ ಪೂರ್ತಿ ಕೆಲಸವಾಗಿ ಇಟ್ಟುಕೊಂಡಿದ್ದಳು. ಬುಧವಾರ ಸಂಜೆ ತಂಗಿ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತು ಎಲ್ಲವನ್ನೂ ಹೇಳಿದಳು. ಅಕ್ಕ ಒಲೆಯ ಮುಂದೆ ನಿಂತೇ ಕೇಳಿದಳು.

“ಇದೇನು ಹೊಸ ಸುದ್ದಿಯೇನೇ?” ಎಂದಳು ಕೊನೆಗೆ. “ಚಿಕ್ಕೋಳಿದ್ದಾಗ ಪಕ್ಕದ ಮನೆಯವರು ಊಟಕ್ಕೆ ಕರೆದ್ರೆ ಬೇಡ ಅನ್ನಕ್ಕೆ ಬರದೆ ಎರಡೆರಡು ಕಡೆ ಉಂಡು ಹೊಟ್ಟೆ ನೋವು ತರಿಸ್ಕೊಳ್ತಿದ್ದವಳಲ್ವಾ ನೀನು? ಕಾಫಿ ಬೇಕಾ?”

“ಆಫೀಸಲ್ಲಿ ಈಗ ತಾನೇ ಒಂದಾಯ್ತು. ನೀನು ಮಾಡ್ಕೋತಿದ್ರೆ...”

“ಬೇಕೋ ಬೇಡವೋ?”

“ನಿನಗೆ ತೊಂದರೆ ಆಗ್ದಿದ್ರೆ...”

ಅಕ್ಕ ಲೋಟದ ತುಂಬ ಕಾಫಿ ಸುರಿದು ತಂದು ಅವಳ ಕೈಗಿಟ್ಟಳು. “ಕುಡಿ.”

“ನನಗೆ ಬೇಡವಾಗಿತ್ತು ಅಕ್ಕ.”

“ಅನ್ನು ಮತ್ತೆ. ಬೇಡ ಅನ್ನು. ಅಷ್ಟೇ. ಮುಂದೆ ಬಾಲ ಅಂಟಿಸಬೇಡ.”

“ಬೇಡ,” ಎಂದಳು ತಂಗಿ. ಎಂದವಳು ತಡೆಯಲಾರದೆ, “ಆದ್ರೂ ಚೆನ್ನಾಗಿ ಮಾಡಿದೀಯ, ವಾಸನೆ ಘಮ್ ಅಂತಿದೆ,” ಎಂದಳು.

“ಹೋಯ್ತು,” ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅಕ್ಕ ಸ್ಟೂಲೆಳೆದು ಎದುರಿಗೆ ಕೂತಳು. “ಅವಳಿಗೆ ಹೇಳಿದ್ರೆ ನಿನ್ನ ಕುರ್ಚಿ ಹೋಗುತ್ತೆ.”

“ಹೂಂ. ದೂರು ಬಂತು ಅಂದ್ರೆ ಮುಗೀತು. ನನ್ನ ಕೈಯಲ್ಲಿ ಬೇರೆ ಏನಿದೆ ಅವರಿಗೆ ತೋರ್ಸಕ್ಕೆ?”

“ಹೇಳದೇ ಇದ್ರೆ?”

ತಂಗಿ ಬೋಗುಣಿಯ ನೀರನ್ನು ನೋಡಿದಳು. ನೀರು ತಣ್ಣಗಾಗಿತ್ತು. “ಆ ಕುರ್ಚೀಲಿ ಕೂತು ಗಿಡಕ್ಕೆ ನೀರು ಹಾಕ್ಬೇಕು,” ಎಂದಳು.

ಅಕ್ಕ ಟವೆಲು ತಂದು ತಂಗಿಯ ಕಾಲು ಒರೆಸಿ, ಬೇಡವಾದ ಕಾಫಿಯನ್ನು ತಾನೇ ಕುಡಿದಳು.

ಗುರುವಾರ ಮಧ್ಯಾಹ್ನ ಮೇಡಂ ಕಂಪನಿಯ ಕಾರು ತೆಗೆದುಕೊಳ್ಳದೆ ಬಸ್ಸಿನಲ್ಲಿ ಹೋದಳು. ಕೋಟಿನ ಕವರನ್ನು ಅವತ್ತು ಬಿಚ್ಚಿದ್ದಳು. ಲಾಂಡ್ರಿಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಗೋಡೆಗಳಿಗೆ ಅರ್ಧ ಸುಣ್ಣ ಬಳಿದಾಗಿತ್ತು, ಎಷ್ಟು ಬಳಿದರೂ ಮಸಿ ತೆಳ್ಳಗೆ ಹಿಂದಿನಿಂದ ಇಣುಕುತ್ತಿತ್ತು. ಹೊಸ ಯಂತ್ರ ನಿಲ್ಲುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಾಗಿತ್ತು. ಲಾಂಡ್ರಿಯಮ್ಮ ಏಣಿಯ ಮೇಲಿಂದ ಇಳಿದು, ಸುಣ್ಣದ ಕೈಯಲ್ಲೇ ಸ್ಟೂಲು ಒರೆಸಿ, ನೀರಿನ ಲೋಟ ತಂದಳು. ಕೇಳುವ ಮೊದಲೇ ತಂದಳು.

ಮೇಡಂ ಲೋಟ ಮುಟ್ಟಲಿಲ್ಲ, ಕೂರಲೂ ಇಲ್ಲ. ಕೂತರೆ ಹಳೆಯ ಮಾತೆಲ್ಲ ತಾನಾಗಿ ಬರುತ್ತದೆಂಬುದು ಅವಳಿಗೆ ಗೊತ್ತಿತ್ತು.

“ಕಂಪನಿ ನಿಮಗೆ ದುಡ್ಡು ಕೊಡಲ್ಲ,” ಎಂದಳು.

ಲಾಂಡ್ರಿಯಮ್ಮ ನಗುತ್ತಲೇ ಇದ್ದಳು. ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. “ಅಂದ್ರೆ, ತಡ ಆಗುತ್ತಾ?”

“ಇಲ್ಲ. ಕೊಡಲ್ಲ. ಅವತ್ತು ನಾನು ಹೇಳಕ್ಕೆ ಬಂದಿದ್ದೂ ಇದನ್ನೇ.”

ಬಾಲ ಅಂಟಿಸಬಾರದು ಎಂದು ಮೇಡಂ ಹಲ್ಲು ಕಚ್ಚಿ ನಿಂತಳು. ಎಷ್ಟೋ ಒಳ್ಳೆಯ ಮಾತುಗಳು ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತಿದ್ದವು. ಒಂದನ್ನೂ ಆಚೆಗೆ ಬಿಡಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ಅವತ್ತೇ ಹೇಳಬಾರದಿತ್ತಾ?” ಎಂದಳು ಲಾಂಡ್ರಿಯಮ್ಮ. ದನಿ ಏರಿಸಲಿಲ್ಲ. “ನೀರು ಕುಡಿದ್ರಿ. ನನ್ನ ಮಂಡಿ ವಿಚಾರಿಸಿದ್ರಿ. ಆ ಮುರುಕು ತಕ್ಕಡೀನ ಚೆನ್ನಾಗಿದೆ ಅಂದ್ರಿ. ನಾನು ಬೀದಿಗೆಲ್ಲ ಹೇಳ್ಕೊಂಡು ಬಂದೆ, ಎಂಥ ಹೆಂಗಸು ಅಂತ. ವ್ಯಾನು ಬಿಟ್ಟುಕೊಟ್ಟೆನಲ್ರೀ. ನಮ್ಮ ಯಜಮಾನರು ಕೈಯಾರೆ ತೊಳೀತಿದ್ದ ವ್ಯಾನು.”

“ಹೌದು,” ಎಂದಳು ಮೇಡಂ.

“ಹೌದಂತೆ.” ಲಾಂಡ್ರಿಯಮ್ಮ ಸುತ್ತ ನೋಡಿದಳು, ಹೊಡೆಯಲು ಏನಾದರೂ ಸಿಗುತ್ತದೇನೋ ಎನ್ನುವ ಹಾಗೆ. ಕಣ್ಣು ಬೂದು ಕೋಟಿನ ಮೇಲೆ ನಿಂತಿತು. “ಕೋಟು ತೊಳೆದ ಕೂಲಿ ಕೊಡಿ. ಗುಂಡಿ ಹೊಲಿದದ್ದು ಬೇರೆ.”

ಮೇಡಂ ಪರ್ಸು ತೆಗೆದು ಕೊಟ್ಟಳು. ಲಾಂಡ್ರಿಯಮ್ಮ ಚಿಲ್ಲರೆಯನ್ನು ಹುಡುಕಿ, ಸರಿಯಾಗಿ ವಾಪಸ್ಸು ಕೊಟ್ಟಳು. ಆ ಕೊಟ್ಟು ತೆಗೆದುಕೊಳ್ಳುವುದರಲ್ಲಿ ಇಬ್ಬರಿಗೂ ಸ್ವಲ್ಪ ಉಸಿರು ಬಂದ ಹಾಗಾಯಿತು.

“ಈಗ ನಾನು ಹೇಳೋದನ್ನ ಕೇಳಿ,” ಎಂದಳು ಮೇಡಂ. “ವಿಮೆಯ ದೂರು ಕೇಳೋ ಕಚೇರಿ ನಾಳೆ ಸಂಜೆ ಮುಚ್ಚೋದರೊಳಗೆ ನೀವು ಅಲ್ಲಿಗೆ ಹೋಗಿ ದೂರು ಕೊಡಬೇಕು. ನಾಡಿದ್ದು ಹೋದ್ರೆ ತಗೊಳ್ಳಲ್ಲ. ಏಜೆಂಟರು ಈ ಅಂಗಡಿಗೇ ಬಂದು ಕಂತು ಇಸ್ಕೊಂಡು ಹೋಗ್ತಿದ್ರು ಅಂತ ಬರೀರಿ. ಚಹಾ ಕುಡಿದದ್ದು, ಪ್ಯಾಂಟಿಗೆ ಇಸ್ತ್ರಿ ಹಾಕಿಸ್ಕೊಂಡದ್ದು, ಎಲ್ಲಾ ಬರೀರಿ. ನೋಡಿದ ಅಕ್ಕಪಕ್ಕದ ಅಂಗಡಿಯವರನ್ನೂ ಕರ್ಕೊಂಡು ಹೋಗಿ.”

ಲಾಂಡ್ರಿಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಮ ಕಂಪನಿ ಮೇಲೆ ನೀವೇ ದೂರು ಹೇಳಿಕೊಡ್ತೀರಾ? ಇದರಲ್ಲೇನು ಸುತ್ತಿಟ್ಟಿದೀರಿ ಈ ಸಲ?”

“ಏನೂ ಇಲ್ಲ.”

“ಅಂಗಡಿಗೆ ಬಂದು ಇಲ್ಲ ಅಂತ ಸರಿಯಾಗಿ ಹೇಳಲಿಲ್ಲ ಅಂತಲೂ ಬರೀತೀನಿ.”

“ಬರೀರಿ. ನನ್ನ ಮೇಲೇ ಬರೀರಿ.”

“ಬರೀತೀನಿ. ನೀವು ಕೇಳಿದ್ರೂ ನಿಮ್ಮ ಕೈಗೆ ಕೊಡಲ್ಲ, ನಾನೇ ಹೋಗಿ ಕೊಡ್ತೀನಿ.” ಸೀಮೆಸುಣ್ಣದ ಗೆರೆಯನ್ನು ಕಾಲ್ಬೆರಳಿನಿಂದ ತೀಡಿದಳು. ಆಮೇಲೆ ದನಿ ತಗ್ಗಿಸಿ, “ಕೊಟ್ರೆ ಸಿಗುತ್ತಾ?” ಎಂದಳು.

‘ಧೈರ್ಯವಾಗಿರಿ, ಒಳ್ಳೆಯದೇ ಆಗುತ್ತದೆ’ ಎಂಬ ಮಾತು ಮೇಡಮ್ಮಿನ ಬಾಯಿಗೆ ಪೂರಾ ಬಂದುಬಿಟ್ಟಿತ್ತು. ನುಂಗಿಕೊಂಡಳು. ನುಂಗುವುದು ಕಷ್ಟವಾಯಿತು.

“ಗೊತ್ತಿಲ್ಲ,” ಎಂದಳು.

ಬಾಗಿಲ ತನಕ ಯಾರೂ ಅವಳನ್ನು ಕಳಿಸಿಕೊಡಲಿಲ್ಲ. ಅವಳು ರಸ್ತೆ ದಾಟುವಾಗ ಹಿಂದೆ ಏಣಿಯನ್ನು ನೆಲದ ಮೇಲೆ ಎಳೆದ ಸದ್ದು ಕೇಳಿಸಿತು. ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕಂಬ ಹಿಡಿದು ನಿಂತೇ ಬಂದಳು.

ಶುಕ್ರವಾರ ಮಧ್ಯಾಹ್ನ ಮಂಡಳಿಯ ಸಭೆ. ದೂರಿನ ಕಚೇರಿಯಿಂದ ಬೆಳಿಗ್ಗೆಯೇ ಕಂಪನಿಗೆ ಫೋನು ಬಂದಿತ್ತು. ಲಾಂಡ್ರಿಯಮ್ಮ ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕಟ್ಟಿಕೊಂಡು, ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದಳಂತೆ. ಸುದ್ದಿ ಕೆಳಗಿನ ಮಹಡಿಗಳಿಗೆಲ್ಲ ಹಬ್ಬಿತು. ಹತ್ತಿ ಮೇಡಂ ಹೋದ ಮನೆಯಿಂದ ದೂರಂತೆ, ಅದರಲ್ಲೂ ಮೇಡಂ ಮೇಲೆಯೇ ಅಂತೆ. ಕಾರಿಡಾರಿನಲ್ಲಿ ಎದುರಾದವರು ಕಣ್ಣು ತಪ್ಪಿಸಿದರು. ಅವಳು ಕೋಣೆಯಲ್ಲಿ ಕೂತು ಇದ್ದ ಫೈಲುಗಳನ್ನು ನೋಡಿದಳು. ಬೇರೇನು ಮಾಡುವುದು?

ಸಭೆ ಮುಗಿದ ಸದ್ದಾಯಿತು. ಕುರ್ಚಿಗಳು ಸರಿದವು, ಲಿಫ್ಟು ಮೇಲಕ್ಕೂ ಕೆಳಕ್ಕೂ ಓಡಾಡಿತು. ಸ್ವಲ್ಪ ಹೊತ್ತಿಗೆ ಅವಳ ಬಾಗಿಲು ತಟ್ಟಿದ ಸಪ್ಪಳ. ಅಧ್ಯಕ್ಷರು. ಇಷ್ಟು ವರ್ಷದಲ್ಲಿ ಅವರು ಅವಳ ಕೋಣೆಗೆ ಇಳಿದು ಬಂದದ್ದಿಲ್ಲ, ಅವಳೇ ಮೇಲೆ ಹೋಗುವುದು ರೂಢಿ.

ಅಧ್ಯಕ್ಷರು ಎದುರಿನ ಕುರ್ಚಿಯಲ್ಲಿ ಕೂತರು. ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

“ಸ್ವಲ್ಪ ನೀರು ಸಿಗುತ್ತಾ ಮೇಡಂ?”

ಅವಳು ಹೂಜಿಯಿಂದ ಬಗ್ಗಿಸಿ ಕೊಟ್ಟಳು. ಅವರು ಎರಡು ಗುಟುಕು ಕುಡಿದು ಲೋಟವನ್ನು ಮೇಜಿನ ಮೇಲಿಟ್ಟರು.

“ಅಕ್ಕ ಹೇಗಿದಾರೆ? ಕಣ್ಣಿನ ತೊಂದರೆ ಅಂದಿದ್ರಲ್ಲ.”

“ಹಾಗೇ ಇದಾಳೆ.”

ಅಧ್ಯಕ್ಷರ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಾಗಿಲ ಹಿಂದಿನ ಗೂಟಕ್ಕೆ ಬಂತು. “ಕೋಟು ಬಹಳ ಚೆನ್ನಾಗಿದೆ. ಹೊಸದಾ?”

ಅವಳಿಗೆ ಒಳಗೊಳಗೇ ನಗು ಬಂತು. ದಣಿದ ನಗು. ಇಷ್ಟು ವರ್ಷ ಮಸಿ ಹಿಡಿದ ಸ್ಟೂಲುಗಳ ಮೇಲೆ ಎದುರಿಗೆ ಕೂತಿದ್ದವರಿಗೆ ತಾನು ಹೇಗೆ ಕಂಡಿರಬೇಕು ಎನ್ನುವುದನ್ನು ಇವತ್ತು ಈ ಕಡೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

“ಮಂಡಳಿ ನಿಮ್ಮ ವಿಷಯಾನ ತುಂಬ ಕಾಳಜಿಯಿಂದ ನೋಡಿದೆ,” ಎಂದು ಅಧ್ಯಕ್ಷರು ಶುರುಮಾಡಿದರು. “ಎಲ್ಲಾ ಕಡೆಯಿಂದಲೂ ನೋಡಿದೀವಿ. ನಿಮ್ಮ ಸೇವೆ ಏನು ಸಣ್ಣದಾ? ಅದನ್ನ ಯಾರೂ ಅಲ್ಲಗಳೆಯೋ ಹಾಗಿಲ್ಲ. ಒಂದೊಂದು ಸಲ, ಕಾಲ ಅನ್ನೋದು... ನೀವೂ ದಣಿದಿದೀರಿ. ಸ್ವಲ್ಪ ವಿಶ್ರಾಂತಿ ತಗೊಂಡ್ರೆ, ಆಮೇಲೆ ಮತ್ತೆ...”

“ಇಲ್ಲ ಅಂತ ತಾನೇ ಸಾರ್?”

“ಹಾಗೆ ಇಲ್ಲ ಅಂತಲೇ ಅಲ್ಲ. ಈ ಸಲ ಅಂದುಕೊಂಡ ರೀತಿಯಲ್ಲಿ...”

“ಇಲ್ಲ ಅಂದುಬಿಡಿ ಸಾರ್,” ಎಂದಳು. “ಅಷ್ಟಂದ್ರೆ ಸಾಕು. ನಾನು ಮನೆಗೆ ಹೋಗ್ತೀನಿ.”

ಅಧ್ಯಕ್ಷರು ಲೋಟದ ಅಂಚನ್ನು ಬೆರಳಿನಿಂದ ಸವರಿದರು. ಇನ್ನೊಂದು ಗುಟುಕು ನೀರು ಕುಡಿದರು. ಗಾಳಿಗೆ ಮೇಜಿನ ಮೇಲಿನ ಕಾಗದಗಳು ಸ್ವಲ್ಪ ಎದ್ದು ಮತ್ತೆ ಮಲಗಿದವು. ಹೇಳಲು ಅವರಿಗೆ ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಎಷ್ಟು ಕಷ್ಟವೆನ್ನುವುದು ನಿನ್ನೆಯಷ್ಟೇ ತಿಳಿದಿತ್ತು. ಆದ್ದರಿಂದ ಅವಳಿಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ.

ಅವಳು ಮೇಜಿನ ಕೆಳಗೆ ಚಪ್ಪಲಿಗೆ ತಡಕಿದಳು. ಈ ಸಲ ಎರಡೂ ಸಿಕ್ಕಿದವು. ಎದ್ದು ಹೋಗಿ ಗೂಟದಿಂದ ಕೋಟು ತೆಗೆದು, ನಿಧಾನವಾಗಿ ಒಂದೊಂದೇ ತೋಳು ತೂರಿಸಿ, ಲಾಂಡ್ರಿಯಮ್ಮ ಹೊಲಿದ ಗುಂಡಿಯ ತನಕ ಎಲ್ಲ ಗುಂಡಿಗಳನ್ನೂ ಹಾಕಿಕೊಂಡಳು. ಅಧ್ಯಕ್ಷರು ಇನ್ನೂ ಕೂತೇ ಇದ್ದರು.

“ನೀರು ಬೇಕಾದ್ರೆ ಹೂಜೀಲಿದೆ ಸಾರ್,” ಎಂದು ಹೇಳಿ ಅವಳು ಬಾಗಿಲು ತೆರೆದಳು.